ಘಾರಾಪುರಿ ಗುಡ್ಡಕ್ಕೆ ಹೊರಟಿರಾ? ಚೀಲ ತುಂಬುವ ಸೂತ್ರಗಳು

ಡೊಂಬಿವಲಿ, ಕಲ್ಯಾಣ, ಠಾಣೆ, ನವಿಮುಂಬಯಿಯ ಕನ್ನಡಿಗರಿಗೆ ಚಾರಣವೆಂದರೆ ಆಸನಗಾಂವ್ ಬಳಿಯ ಮಾಹುಲಿ, ನೇರಳ್ ಮೇಲಿನ ಪೇಬ್, ಪನ್ವೇಲ್ ಕಡೆಯ ಕಲಾವಂತಿಣ್. ಘಾರಾಪುರಿ, ಅಂದರೆ ಎಲ್ಲರ ಬಾಯಲ್ಲಿರುವ ಎಲಿಫೆಂಟಾ, ಚಾರಣದ ಪಟ್ಟಿಗೇ ಸೇರುವುದಿಲ್ಲ. ಊರಿನಿಂದ ನೆಂಟರು ಬಂದಾಗ ಗೇಟ್‌ವೇ ತೋರಿಸಿ, ಹಾಗೇ ದೋಣಿ ಹತ್ತಿಸಿ, ಮೂರು ಮುಖದ ಶಿವನಿಗೆ ಕೈ ಮುಗಿಸಿ ಕರೆತರುವ ಜಾಗ ಅದು. ಹಿತ್ತಲ ಗಿಡ ಮದ್ದಲ್ಲ ಎಂಬುದು ಇಲ್ಲೂ ನಿಜ.

ಆ ದ್ವೀಪದಲ್ಲಿ ಎರಡು ಗುಡ್ಡಗಳಿವೆ. ಹೆಚ್ಚು ಎತ್ತರದ್ದು ಸುಮಾರು 173 ಮೀಟರ್. ಪಶ್ಚಿಮದ ಗುಡ್ಡದ ತುದಿಯಲ್ಲಿ ಬ್ರಿಟಿಷರ ಕಾಲದ ಎರಡು ಫಿರಂಗಿಗಳು ಬಿದ್ದುಕೊಂಡಿವೆ. ಪೂರ್ವದ ಗುಡ್ಡದಲ್ಲಿ ಬೌದ್ಧ ಸ್ತೂಪದ ಅವಶೇಷವಿದೆ. ನಡುವೆ ಕಣಿವೆ, ಮಾವು, ಹುಣಿಸೆ, ಹೊಂಗೆಯ ಕಾಡು, ಅಂಚಿಗೆ ಕೆಸರು ಮತ್ತು ಕಾಂಡ್ಲಾ ಗಿಡಗಳು. ರಾಜಬಂದರ್, ಶೇತಬಂದರ್, ಮೋರಾಬಂದರ್ ಎಂಬ ಮೂರು ಊರುಗಳೂ ಇವೆ. ಗುಹೆ ನೋಡಿ ತಿರುಗಿ ಬರುವವರು ಈ ದ್ವೀಪದ ಒಂದು ಮೂಲೆಯನ್ನಷ್ಟೇ ಕಂಡಿರುತ್ತಾರೆ.

ಗುಡ್ಡ ಸಣ್ಣದು, ಒಪ್ಪಿದೆ. ಅದನ್ನು ನೋಡಿ ಚೀಲ ತುಂಬಲು ಹೋದರೆ ಒಂದು ಬಾಟಲಿ ನೀರು, ಒಂದು ಪೊಟ್ಟಣ ಬಿಸ್ಕತ್ತು ಸಾಕು ಅನ್ನಿಸುತ್ತದೆ. ದ್ವೀಪಕ್ಕೆ ಹೋಗುವಾಗ ಚೀಲವನ್ನು ದೋಣಿ ನೋಡಿ ತುಂಬಬೇಕು. ಮಾಹುಲಿಯಲ್ಲಿ ಏನಾದರೂ ಹೆಚ್ಚುಕಡಿಮೆ ಆದರೆ ಕೆಳಗಿಳಿದು ಯಾವುದಾದರೊಂದು ರಿಕ್ಷಾ ಹಿಡಿಯಬಹುದು. ಇಲ್ಲಿ ಇಳಿದ ಮೇಲೂ ಒಂದು ತಾಸು ಕಡಲಿದೆ.

1. ಮೊದಲು ಸಮಯ, ಆಮೇಲೆ ಸಾಮಾನು

ಗುಹೆಗಳಿಗೆ ಸೋಮವಾರ ರಜೆ. ಉಳಿದ ದಿನ ಗೇಟ್‌ವೇಯಿಂದ ಬೆಳಿಗ್ಗೆ 9ರ ಹೊತ್ತಿಗೆ ಲಾಂಚ್‌ಗಳು ಶುರು. ಸಂಜೆ ದ್ವೀಪದಿಂದ ಕೊನೆಯ ಲಾಂಚ್ ಹೊರಡುವುದು 5.30ರ ಆಸುಪಾಸಿನಲ್ಲಿ. ಪ್ರವಾಸಿಗರು ರಾತ್ರಿ ಅಲ್ಲಿ ಉಳಿಯುವಂತಿಲ್ಲ. ಹಾಗಾಗಿ ಟೆಂಟು, ಚಾಪೆ, ಹೊದಿಕೆಯ ಮಾತೇ ಇಲ್ಲ. ಅರ್ಧ ಚೀಲ ಇಲ್ಲೇ ಹಗುರಾಯಿತು. ಜೆಟ್ಟಿಯಲ್ಲಿ ಇಳಿದ ಕೂಡಲೇ ಆ ದಿನದ ಕೊನೆಯ ದೋಣಿ ಎಷ್ಟು ಗಂಟೆಗೆ ಎಂದು ದೋಣಿಯವರನ್ನೇ ಕೇಳಿ, ಅದಕ್ಕೆ ಒಂದು ತಾಸು ಮೊದಲು ಫೋನಿನಲ್ಲಿ ಅಲಾರಂ ಇಡಿ.

2. ಭಾನುವಾರವಾದರೆ ಮೆಗಾ ಬ್ಲಾಕ್ ನೋಡಿ

ಇದು ಚೀಲಕ್ಕೆ ಸಂಬಂಧಿಸಿದ್ದಲ್ಲ ಅನ್ನಬೇಡಿ. ಕಲ್ಯಾಣದಿಂದ ಫಾಸ್ಟ್ ಗಾಡಿಯಲ್ಲೇ ಸಿಎಸ್‌ಎಂಟಿಗೆ ಒಂದು ತಾಸು ದಾಟುತ್ತದೆ. ಹಳಿ ದುರಸ್ತಿಯ ಈ ಬ್ಲಾಕ್ ಇದ್ದ ದಿನ ಫಾಸ್ಟ್ ಗಾಡಿಗಳು ಸ್ಲೋ ಹಳಿಗೆ ಬರುತ್ತವೆ, ಹಾರ್ಬರ್ ಲೈನಿನಲ್ಲಿ ಕೆಲವು ತಾಸು ಗಾಡಿಯೇ ಇರುವುದಿಲ್ಲ. ನೆರೂಳ್, ಬೇಲಾಪುರದವರಿಗೆ ಈ ಎರಡನೆಯದೇ ದೊಡ್ಡ ತಲೆನೋವು. ಬ್ಲಾಕ್ ಸಾಮಾನ್ಯವಾಗಿ ಬೆಳಿಗ್ಗೆ 11ರ ಸುಮಾರಿಗೆ ಶುರುವಾಗುವುದರಿಂದ 7ರ ಒಳಗೆ ಮನೆ ಬಿಟ್ಟವರಿಗೆ ತೊಂದರೆ ಇಲ್ಲ. 7ಕ್ಕೆ ಹೊರಡಬೇಕಾದರೆ ಚೀಲ ಹಿಂದಿನ ರಾತ್ರಿಯೇ ಸಿದ್ಧವಿರಬೇಕು.

3. ಚೀಲ 20ರಿಂದ 25 ಲೀಟರಿನದು, ಅದಕ್ಕಿಂತ ದೊಡ್ಡದು ಬೇಡ

ಇದನ್ನು ತೀರ್ಮಾನಿಸುವುದು ಗುಡ್ಡವೂ ಅಲ್ಲ, ದೋಣಿಯೂ ಅಲ್ಲ, ಡೊಂಬಿವಲಿ ಸ್ಟೇಷನ್ನು. ಅಲ್ಲಿ ಗಾಡಿ ಹತ್ತಿದವರಿಗೆ ವಿವರಿಸಬೇಕಿಲ್ಲ. ಬೆನ್ನಿಗೆ ದೊಡ್ಡ ಚೀಲ ಹೇರಿಕೊಂಡು ಬಾಗಿಲಲ್ಲಿ ನಿಂತವರಿಗೆ ಠಾಣೆ ಬರುವಷ್ಟರಲ್ಲಿ ಮೂರು ಭಾಷೆಗಳ ಬೈಗುಳ ಪರಿಚಯವಾಗುತ್ತದೆ. ಚೀಲವನ್ನು ಎದೆಯ ಮೇಲೆ ಹಾಕಿಕೊಳ್ಳಲು ಆಗುವಷ್ಟೇ ಗಾತ್ರವಿರಲಿ. ಎದೆಗೆ ಮತ್ತು ಸೊಂಟಕ್ಕೆ ಪಟ್ಟಿ ಇದ್ದರೆ ಗುಡ್ಡದಲ್ಲಿ ಭುಜ ನೋಯುವುದಿಲ್ಲ. ಮಕ್ಕಳ ಹಳೆಯ ಶಾಲೆಯ ಚೀಲ ಗಟ್ಟಿಯಾಗಿದ್ದರೆ ಅದೂ ನಡೆಯುತ್ತದೆ.

4. ನೀರು: ತಲೆಗೆ ಎರಡು ಲೀಟರ್, ಬೇಸಿಗೆಯಲ್ಲಿ ಮೂರು

ಪಟ್ಟಿಯಲ್ಲಿ ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ. ಜೆಟ್ಟಿಯಿಂದ ಗುಹೆಗೆ ಹೋಗುವ ಸುಮಾರು 120 ಮೆಟ್ಟಿಲುಗಳ ಇಕ್ಕೆಲದಲ್ಲೂ ಅಂಗಡಿಗಳಿವೆ, ನೀರು ಸಿಗುತ್ತದೆ. ಜನ ಮೋಸ ಹೋಗುವುದೇ ಅಲ್ಲಿ. ಆ ಮೆಟ್ಟಿಲಿನ ಸಾಲು ಬಿಟ್ಟು ಪೂರ್ವದ ಸ್ತೂಪದ ಗುಡ್ಡದ ಕಡೆ ತಿರುಗಿದಿರೋ, ಅಂಗಡಿಯ ನಂಬಿಕೆ ಮುಗಿಯಿತು. ಕಡಲ ನಡುವೆ ಸೆಕೆ ಬೇರೆ ಬಗೆಯದು. ಬೆವರು ಆರುವುದಿಲ್ಲ, ಅಂಟಿಕೊಂಡೇ ಇರುತ್ತದೆ. ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ.

ಇದು ಹೊಸ ಕಷ್ಟವೇನಲ್ಲ. ಈ ಭಾಗದ ಗುಡ್ಡಗಳು ಕರಿಗಲ್ಲಿನವು. ಮಳೆಗಾಲದಲ್ಲಿ ಧೋ ಎಂದು ಹರಿದ ನೀರು ಚಳಿಗಾಲ ಕಳೆಯುವಷ್ಟರಲ್ಲಿ ಕಾಣೆಯಾಗುತ್ತದೆ. ಬೊರಿವಲಿ ಕಡೆಯ ಕಾನ್ಹೇರಿಯ ಬೌದ್ಧ ಭಿಕ್ಷುಗಳು ಅದಕ್ಕೇ ತಮ್ಮ ಗುಹೆಗಳ ಮಗ್ಗುಲಲ್ಲಿ ಬಂಡೆ ಕೊರೆದು ನೀರಿನ ತೊಟ್ಟಿ ಮಾಡಿಸಿಕೊಂಡರು. ಮಾಡಿಸಿಕೊಟ್ಟವರಲ್ಲಿ ವ್ಯಾಪಾರಿಗಳು, ಕುಶಲಕರ್ಮಿಗಳು ಇದ್ದರು, ಅವರ ದಾನದ ವಿವರ ಅಲ್ಲಿನ ಶಾಸನಗಳಲ್ಲಿದೆ. ಒಬ್ಬ ದಾನಿ ಕಲ್ಯಾಣದ ಅಕ್ಕಸಾಲಿಗ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಕಲ್ಯಾಣದವನೊಬ್ಬ ಗುಡ್ಡದ ಮೇಲೆ ನೀರಿನ ವ್ಯವಸ್ಥೆ ಮಾಡಿದ್ದಾನೆ ಅಂದಮೇಲೆ ಇಂದಿನ ಕಲ್ಯಾಣದವರು ಎರಡು ಬಾಟಲಿ ಹೊರಲು ಬೇಸರಿಸಬಾರದು. ಹಾಂ, ಗುಹೆಯ ತೊಟ್ಟಿಗಳ ನೀರನ್ನು ಈಗ ಕುಡಿಯಬೇಡಿ.

ಒಂದೇ ದೊಡ್ಡ ಬಾಟಲಿಗಿಂತ ಒಂದು ಲೀಟರಿನ ಎರಡು ಒಳ್ಳೆಯದು, ಎರಡೂ ಬದಿಗೆ ಸಮ ತೂಕ. ಒಂದನ್ನು ಕೊನೆಯ ದೋಣಿ ಹತ್ತುವವರೆಗೆ ಪೂರ್ತಿ ಖಾಲಿ ಮಾಡಬೇಡಿ.

5. ಉಪ್ಪು, ಸಕ್ಕರೆ

ಓಆರ್‌ಎಸ್ ಪೊಟ್ಟಣ ಎರಡು ಇರಲಿ. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಬಾರದು. ಕರಾವಳಿಯವರ ಮನೆಯಲ್ಲಿ ಪುನರ್ಪುಳಿ ಇದ್ದೇ ಇರುತ್ತದೆ. ಅದರ ಪಾನಕಕ್ಕೆ ಚಿಟಿಕೆ ಉಪ್ಪು ಹಾಕಿ ಒಂದು ಬಾಟಲಿ ತುಂಬಿಕೊಂಡರೆ ಅಕ್ಟೋಬರಿನ ಬಿಸಿಲಿಗೆ ಅಂಗಡಿಯ ತಂಪು ಪಾನೀಯ ಯಾವುದೂ ಸಾಟಿಯಾಗದು.

6. ಬುತ್ತಿ ಒಣಗಿದ್ದಾಗಿರಲಿ

ಹೋಳಿಗೆ, ಬಿಸಿಬೇಳೆಬಾತ್, ಮೊಸರನ್ನ ಎಂದು ಡಬ್ಬಿಯ ಗೋಪುರ ಕಟ್ಟಬೇಡಿ. ಸೆಕೆಯಲ್ಲಿ ತೆಂಗಿನಕಾಯಿ ಹಾಕಿದ್ದು ಮಧ್ಯಾಹ್ನಕ್ಕೆ ಹಳಸುತ್ತದೆ. ಬಿಜಾಪುರ, ಬೆಳಗಾವಿ, ಧಾರವಾಡದ ಕಡೆಯವರು ಈ ವಿಷಯದಲ್ಲಿ ಹುಟ್ಟಾ ಚಾರಣಿಗರು: ಕಟಕಲು ರೊಟ್ಟಿ, ಶೇಂಗಾ ಚಟ್ನಿ, ಒಂದು ಈರುಳ್ಳಿ. ನೀರು ಬೇಡ, ಬಿಸಿ ಮಾಡಬೇಕಿಲ್ಲ, ಎರಡು ದಿನವಾದರೂ ಕೆಡುವುದಿಲ್ಲ. ಮುರಿದರೂ ರೊಟ್ಟಿಯೇ. ಮೈಸೂರು ಕಡೆಯವರಿಗೆ ಪುಳಿಯೋಗರೆ ಇದೆ, ಹುಣಿಸೆಹುಳಿ ಅದನ್ನು ಕಾಪಾಡುತ್ತದೆ. ಚಪಾತಿಗೆ ಪಲ್ಯದ ಬದಲು ಚಟ್ನಿಪುಡಿ ಮತ್ತು ತುಪ್ಪ. ಜೊತೆಗೆ ಶೇಂಗಾ ಉಂಡೆ ಅಥವಾ ಚಿಕ್ಕಿ, ಖರ್ಜೂರ, ಬಾಳೆಹಣ್ಣು.

ಬಾಳೆಹಣ್ಣಿಗೆ ಒಂದು ಷರತ್ತಿದೆ, ಮುಂದಿನ ಸೂತ್ರ ಓದಿ.

7. ಕೈ ಖಾಲಿ ಇರಲಿ, ಮಂಗಗಳಿವೆ

ಘಾರಾಪುರಿಯ ಮಂಗಗಳಿಗೆ ಪ್ಲಾಸ್ಟಿಕ್ ಚೀಲದ ಸಪ್ಪಳ ಚೆನ್ನಾಗಿ ಗೊತ್ತು. ತಂಪು ಪಾನೀಯದ ಬಾಟಲಿಯನ್ನು ಕಿತ್ತುಕೊಂಡು ಮುಚ್ಚಳ ತಿರುಗಿಸಿ ಕುಡಿಯುವುದೂ ಗೊತ್ತು. ಕೈಯಲ್ಲಿ ಏನನ್ನೂ ಹಿಡಿಯಬೇಡಿ. ತಿಂಡಿ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಡಬ್ಬಿ ಚೀಲದ ಒಳಗೆ, ಚೀಲದ ಜಿಪ್ ಪೂರ್ತಿ ಎಳೆದಿರಬೇಕು. ಬಾಟಲಿಯನ್ನು ಪಕ್ಕದ ಜಾಲರಿ ಜೇಬಿನಲ್ಲಿ ಇಡುವ ಅಭ್ಯಾಸ ಇಲ್ಲಿ ಬೇಡ. ಊಟಕ್ಕೆ ಕೂರುವಾಗ ಗುಂಪಾಗಿ ಕೂತು, ಒಬ್ಬರು ಕಾವಲಿಗೆ ನಿಲ್ಲಲಿ. ಒಂದು ಕೋಲು ಇದ್ದರೆ ಸಾಕು, ತೋರಿಸಲಷ್ಟೇ, ಹೊಡೆಯಲಲ್ಲ. ಮಂಗಕ್ಕೆ ತಿನ್ನಿಸಿ ಪುಣ್ಯ ಕಟ್ಟಿಕೊಳ್ಳುವವರಿಂದಲೇ ಉಳಿದವರ ಬುತ್ತಿ ಹೋಗುತ್ತಿರುವುದು.

8. ಶೂ ದುಬಾರಿ ಬೇಡ, ಅಂಗಾಲು ಗಮನಿಸಿ

ಮಳೆಗಾಲ ಮುಗಿದು ತಿಂಗಳಾದರೂ ಇಲ್ಲಿನ ಕಲ್ಲುಗಳ ಮೇಲೆ ಪಾಚಿ ಇರುತ್ತದೆ. ಸವೆದ ಅಂಗಾಲಿನ ಓಟದ ಶೂ ಜಾರುತ್ತದೆ. ಸಹ್ಯಾದ್ರಿ ಸುತ್ತುವ ಹುಡುಗರು ಬಹಳ ವರ್ಷಗಳಿಂದ ಹಾಕುವ ಆ್ಯಕ್ಷನ್ ಟ್ರೆಕಿಂಗ್ ಶೂಗಳಂಥವು ಧಾರಾಳ ಸಾಕು. ಹೊಸ ಶೂ ಕೊಂಡಿದ್ದರೆ ಒಂದು ವಾರ ಮನೆಯ ಸುತ್ತಮುತ್ತ ಹಾಕಿಕೊಂಡು ಓಡಾಡಿ. ಒಂದು ಜೊತೆ ಹೆಚ್ಚುವರಿ ಕಾಲುಚೀಲ ಇರಲಿ. ಚಪ್ಪಲಿ ಹಾಕಿ ಬಂದವರು ಗುಹೆ ನೋಡಲಿ, ಫಿರಂಗಿ ಗುಡ್ಡ ಅವರಿಗಲ್ಲ.

9. ಗಾಳಿಗೆ ಹಾರದ ಟೋಪಿ

ಲಾಂಚಿನ ಮೇಲಿನ ಅಟ್ಟದಲ್ಲಿ ಕೂತರೆ ಗಾಳಿ ಜೋರು. ಗಲ್ಲಕ್ಕೆ ದಾರ ಕಟ್ಟುವ ಟೋಪಿಯೇ ಬೇಕು. ಬೇಗ ಒಣಗುವ ಟೀ ಶರ್ಟ್, ಪೂರ್ತಿ ಕಾಲು ಮುಚ್ಚುವ ಪ್ಯಾಂಟು, ಒಂದು ಹತ್ತಿಯ ಪಂಚೆ ಅಥವಾ ತೆಳು ಟವೆಲ್. ಈ ಕೊನೆಯದು ಬೆವರು ಒರೆಸಲು, ತಲೆಗೆ ಸುತ್ತಲು, ನೆಲಕ್ಕೆ ಹಾಸಿ ಕೂರಲು, ಕೈ ಮುರಿದರೆ ಜೋಳಿಗೆ ಕಟ್ಟಲು ಒದಗುತ್ತದೆ. ಜೀನ್ಸ್ ಬೇಡ.

10. ನೀವು ಒಯ್ಯದ, ಆದರೆ ತೊಡಲೇಬೇಕಾದ ಒಂದು ವಸ್ತು

2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟಿದ್ದ ನೀಲಕಮಲ್ ಎಂಬ ದೋಣಿಗೆ, ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದ ದೋಣಿ ಬಂದು ಬಡಿಯಿತು. ದೋಣಿಯಲ್ಲಿ ನೂರಕ್ಕೂ ಹೆಚ್ಚು ಜನರಿದ್ದರು. ಹನ್ನೆರಡಕ್ಕೂ ಹೆಚ್ಚು ಜನ ಸತ್ತರು. ಆದ್ದರಿಂದ ಲೈಫ್ ಜಾಕೆಟ್ ಕೊಟ್ಟರೆ ತೊಡಿ, ಕೊಡದಿದ್ದರೆ ಕೇಳಿ ಪಡೆಯಿರಿ. ಫೋಟೋ ಚೆನ್ನಾಗಿ ಬರುವುದಿಲ್ಲ ಎಂದು ಬಿಚ್ಚಬೇಡಿ. ಚೀಲ ಬೆನ್ನ ಮೇಲಿದ್ದರೆ ಜಾಕೆಟ್ ಸರಿಯಾಗಿ ಕೂರುವುದಿಲ್ಲ, ಹಾಗಾಗಿ ದೋಣಿಯಲ್ಲಿ ಚೀಲ ಕಾಲ ಬಳಿ ಇರಲಿ. ಫೋನು, ಔಷಧಿ, ಹಣ ಒಂದು ಜಲನಿರೋಧಕ ಪೌಚಿನಲ್ಲಿ ಕುತ್ತಿಗೆಗೆ ಬರಲಿ. ಮಗುವಿಗೆ ದೊಡ್ಡವರ ಜಾಕೆಟ್ ತೊಡಿಸಿ ಸಮಾಧಾನಪಡಬೇಡಿ, ನೀರಿಗೆ ಬಿದ್ದರೆ ಅದು ತಲೆಯ ಮೇಲಿಂದ ಜಾರಿ ಹೋಗುತ್ತದೆ. ಸಣ್ಣ ಅಳತೆಯದು ಇಲ್ಲದಿದ್ದರೆ ಮುಂದಿನ ದೋಣಿಗೆ ಕಾಯಿರಿ.

11. ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಕೆರಳಿದ ದಿನ ಲಾಂಚ್ ಬಿಡುವುದಿಲ್ಲ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಮಳೆಯಲ್ಲೇ ಹೋಗಬೇಕೆಂಬ ಹಟವಿದ್ದರೆ ಚೀಲದ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಅಸ್ತರಿನಂತೆ ಹಾಕಿ, ಅದರೊಳಗೆ ಸಾಮಾನು ತುಂಬಿ. ಹೊರಗಿನಿಂದ ಹಾಕುವ ಕವಚಕ್ಕಿಂತ ಇದು ಹೆಚ್ಚು ನಂಬಿಕೆಯದು. ಛತ್ರಿ ಗುಡ್ಡದ ಗಾಳಿಗೆ ತಿರುಗಿ ನಿಲ್ಲುತ್ತದೆ, ರೇನ್‌ಕೋಟು ಸರಿ.

12. ಔಷಧಿ

ಆಸ್ಪತ್ರೆ ನೀರಿನಾಚೆ ಇದೆ ಎಂಬುದನ್ನು ನೆನಪಿಟ್ಟು ತುಂಬಿ. ಅಂಟುಪಟ್ಟಿ, ಉಳುಕಿಗೆ ಸುತ್ತುವ ಎಲಾಸ್ಟಿಕ್ ಬ್ಯಾಂಡೇಜು, ಗಾಯ ತೊಳೆಯುವ ಔಷಧಿ, ಸೊಳ್ಳೆಗೆ ಹಚ್ಚುವ ಮುಲಾಮು. ಬಿಪಿ, ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು ಆ ದಿನದ ಮಾತ್ರೆಯ ಜೊತೆ ಮರುದಿನದ್ದನ್ನೂ ಒಯ್ಯಬೇಕು. ದೋಣಿಯಲ್ಲಿ ಹೊಟ್ಟೆ ತೊಳಸುವವರು ವೈದ್ಯರನ್ನು ಕೇಳಿ ಮಾತ್ರೆ ಇಟ್ಟುಕೊಂಡು ದೋಣಿ ಹತ್ತುವ ಮೊದಲೇ ನುಂಗಲಿ. ತೊಳಸು ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ಅಂಥವರು ಕೆಳ ಅಟ್ಟದ ನಡುವೆ ಕೂತು ದೂರದ ದಿಗಂತ ನೋಡಬೇಕು, ಫೋನನ್ನಲ್ಲ. ಮಂಡಿನೋವಿನವರಿಗೆ ಜೆಟ್ಟಿಯಿಂದ ಮೆಟ್ಟಿಲಿನ ಬುಡದವರೆಗೆ ಪುಟಾಣಿ ರೈಲು ಇದೆ. ಹತ್ತಿ, ಶಕ್ತಿ ಉಳಿಸಿಕೊಳ್ಳಿ, ಅದರಲ್ಲಿ ಅವಮಾನವೇನಿಲ್ಲ.

13. ಟಾರ್ಚು, ಪವರ್ ಬ್ಯಾಂಕು

ಸಮುದ್ರದ ತಳದಲ್ಲಿ 7.5 ಕಿಲೋಮೀಟರ್ ಕೇಬಲ್ ಎಳೆದು ಈ ದ್ವೀಪಕ್ಕೆ ವಿದ್ಯುತ್ ತಂದದ್ದು 2018ರ ಫೆಬ್ರುವರಿಯಲ್ಲಿ. ಅಲ್ಲಿಯವರೆಗೆ ಸಂಜೆ ಕೆಲವು ತಾಸು ಜನರೇಟರ್ ಓಡಿದರೆ ಅದೇ ಬೆಳಕು. ಮುಂಬಯಿಯ ಕಣ್ಣೆದುರಿಗೇ ಹೀಗಿತ್ತು. ಈಗ ಊರುಗಳಲ್ಲಿ ದೀಪವಿದೆ, ಗುಡ್ಡದ ದಾರಿಯಲ್ಲಿಲ್ಲ. ಒಂದು ಸಣ್ಣ ಟಾರ್ಚು ಗುಹೆಯ ಮೂಲೆಯ ಶಿಲ್ಪ ನೋಡಲೂ ಆಗುತ್ತದೆ.

14. ಚಿಲ್ಲರೆ ಹಣ, ಗುರುತಿನ ಚೀಟಿ, ವಾಪಸಿನ ಟಿಕೆಟು

ಗ್ರಾಮ ಪಂಚಾಯತಿಯ ಸಣ್ಣ ಕರ, ಪುಟಾಣಿ ರೈಲು, ಎಳನೀರು, ಎಲ್ಲಕ್ಕೂ ಹತ್ತು, ಇಪ್ಪತ್ತರ ನೋಟುಗಳಿರಲಿ. ಗುಹೆಯ ಪ್ರವೇಶಕ್ಕೆ 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಲಾಂಚಿನ ಟಿಕೆಟು ಹೋಗಿಬರುವ ಎರಡಕ್ಕೂ ಸೇರಿದ್ದು, ಬೆವರಿನ ಜೇಬಿನಲ್ಲಿ ಮುದ್ದೆ ಮಾಡಬೇಡಿ.

15. ಮನೆಯಲ್ಲೇ ಬಿಡಬೇಕಾದವು

ಡ್ರೋನ್. ಇದು ಸಂರಕ್ಷಿತ ಸ್ಮಾರಕ, ಸುತ್ತ ಬಂದರು, ತೈಲ ಇಳಿಸುವ ಜವಾಹರ ದ್ವೀಪ, ನೌಕಾಪಡೆ. ಹಾರಿಸಿದರೆ ಪೊಲೀಸರೇ ಇಳಿಸುತ್ತಾರೆ. ಬ್ಲೂಟೂತ್ ಸ್ಪೀಕರ್, ಸ್ಟೋವು, ಮದ್ಯ, ಕೇರಂ ಬೋರ್ಡು ಕೂಡ. ನಗಬೇಡಿ, ಸಂಘಗಳ ಪಿಕ್ನಿಕ್ಕಿನಲ್ಲಿ ಕೇರಂ ಬೋರ್ಡು ಬರುವುದುಂಟು. ಬದಲಿಗೆ ಯಾರಾದರೊಬ್ಬರು ದುರ್ಬೀನು ತರಲಿ. ಫಿರಂಗಿ ಗುಡ್ಡದಿಂದ ನ್ಹಾವಾ ಶೇವಾದ ಕ್ರೇನುಗಳು, ಉತ್ತರಕ್ಕೆ 2024ರ ಜನವರಿಯಲ್ಲಿ ತೆರೆದ 21.8 ಕಿಲೋಮೀಟರ್ ಉದ್ದದ ಅಟಲ್ ಸೇತು ಕಾಣುತ್ತವೆ.

16. ಎರಡು ಕಸದ ಚೀಲ

ದ್ವೀಪದಲ್ಲಿ ಬಿಟ್ಟ ಕಸ ಹೋಗುವುದು ಕಡಲಿಗೇ. ನಿಮ್ಮದನ್ನು ನೀವು ವಾಪಸು ತನ್ನಿ, ಡೊಂಬಿವಲಿಯ ಕಸದ ಗಾಡಿಗೇ ಹಾಕಿ.

17. ತೂಕವಿಲ್ಲದ ಒಂದು ಸಾಮಾನು

ಒಂದಿಷ್ಟು ಇತಿಹಾಸ ತಲೆಯಲ್ಲಿರಲಿ. ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ, ಮೇಗುಟಿ ಬಸದಿಯ ಗೋಡೆಯ ಮೇಲೆ ರವಿಕೀರ್ತಿ ಬರೆದ ಶಾಸನವಿದೆ, ಕಾಲ 634. ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಡನೆ ಪಶ್ಚಿಮ ಕಡಲಿನ ಪುರಿ ಎಂಬ ನಗರವನ್ನು ಮುತ್ತಿದ ಎಂದು ಅದು ಹೇಳುತ್ತದೆ. ಕೊಂಕಣದ ಮೌರ್ಯರ ಆ ಪುರಿ ಇದೇ ಘಾರಾಪುರಿ ಎಂದು ಕೆಲವು ಇತಿಹಾಸಕಾರರು, ಜಂಜೀರಾದ ಬಳಿಯ ರಾಜಪುರಿ ಎಂದು ಇನ್ನು ಕೆಲವರು ವಾದಿಸುತ್ತಾರೆ. ಯಾವುದೇ ಆಗಲಿ, ಬಾದಾಮಿಯ ದೊರೆ ಕಡಲಿಗೆ ಇಳಿದದ್ದು ನಿಜ. ಬಾದಾಮಿಯ ಗುಹೆಗಳನ್ನು ನೋಡಿದವರು ಇಲ್ಲಿನ ನಟರಾಜನ ಎದುರು ನಿಂತರೆ ಹೋಲಿಕೆ ತಾನಾಗಿ ಹುಟ್ಟುತ್ತದೆ. ಈ ಗುಹೆಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1987ರಲ್ಲಿ. ಮಕ್ಕಳಿಗೆ ಈ ಕಥೆಯನ್ನು ದೋಣಿಯಲ್ಲೇ ಹೇಳಿ. ಗುಹೆಯಲ್ಲಿ ಹೇಳಲು ಹೋದರೆ ಮಂಗ ನೋಡುತ್ತಾ ನಿಲ್ಲುತ್ತಾರೆ.

18. ಠಾಣೆಯವರು ದೋಣಿಯನ್ನೂ ಹತ್ತಬೇಕಿಲ್ಲ

ಠಾಣೆ ನಗರದ ಬಹುಭಾಗ ಸಾಷ್ಟಿ ದ್ವೀಪದ ಮೇಲಿದೆ. ಪೂರ್ವಕ್ಕೆ ಠಾಣೆ ಖಾಡಿ, ಉತ್ತರಕ್ಕೆ ವಸಯಿ ಖಾಡಿ, ನಡುವೆ ಯೇವೂರಿನ ಗುಡ್ಡಗಳು ಮತ್ತು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಅತಿ ಎತ್ತರದ ಜಾಗ ಸುಮಾರು 468 ಮೀಟರ್, ಘಾರಾಪುರಿಯ ಎರಡೂವರೆ ಪಟ್ಟಿಗೂ ಹೆಚ್ಚು. ಕಾನ್ಹೇರಿ ಇರುವುದೂ ಇಲ್ಲೇ, ಅಲ್ಲಿಗೆ ದಾರಿ ಬೊರಿವಲಿ ಕಡೆಯಿಂದ. 9ನೇ ಶತಮಾನದ ಅಲ್ಲಿನ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ, ಅಂದರೆ ನಮ್ಮ ಕವಿರಾಜಮಾರ್ಗದ ನೃಪತುಂಗನದು. ಕೊಂಕಣವನ್ನು ಆಗ ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು.

ಇಲ್ಲಿಗೆ ಮೇಲಿನ ಪಟ್ಟಿಯಲ್ಲಿ ಎರಡು ಬದಲಾವಣೆ. ಅರಣ್ಯ ಇಲಾಖೆಯ ಅನುಮತಿ ಚೀಲದಲ್ಲಿರಲಿ, ಅದಿಲ್ಲದೆ ಕಾಡಿನ ದಾರಿ ತುಳಿಯಬೇಡಿ. ಒಂದು ಸೀಟಿಯೂ ಇರಲಿ. ಚಿರತೆಗಳ ಕಾಡು, ಮಕ್ಕಳು ಗುಂಪಿನ ನಡುವೆ ನಡೆಯಲಿ, ಮುಸ್ಸಂಜೆಗೆ ಮೊದಲೇ ಹೊರಬನ್ನಿ. ಸೋಮವಾರ ಇದಕ್ಕೂ ರಜೆ.

19. ಚಟ ಹತ್ತಿದರೆ, ದೂರದ ದ್ವೀಪಗಳು

ಉತ್ತರ ಅಂಡಮಾನಿನ ಡಿಗ್ಲಿಪುರದ ಬಳಿ ಸ್ಯಾಡಲ್ ಪೀಕ್ ಇದೆ, ಸುಮಾರು 732 ಮೀಟರ್. ಶ್ರೀಲಂಕಾದ ಶ್ರೀಪಾದ 2,243 ಮೀಟರ್. ಅದನ್ನು ಜನ ರಾತ್ರಿ ಹತ್ತಿ ತುದಿಯಲ್ಲಿ ಸೂರ್ಯೋದಯ ನೋಡುತ್ತಾರೆ. ಬುಡದಲ್ಲಿ ಬೆವರು, ತುದಿಯಲ್ಲಿ ನಡುಕ, ಹಾಗಾಗಿ ಸ್ವೆಟರು ಕಡ್ಡಾಯ. ವಿಮಾನ ಹತ್ತುವಾಗ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಚಾಕು ಮತ್ತು ನಡಿಗೆಯ ಕೋಲು ಲಗೇಜಿಗೆ. ಸ್ಟೋವಿನ ಗ್ಯಾಸ್ ಡಬ್ಬಿ ಎರಡರಲ್ಲೂ ನಿಷಿದ್ಧ. ದೂರ ಎಷ್ಟೇ ಆದರೂ ದೋಣಿ ನೋಡಿ ಚೀಲ ತುಂಬುವ ಸೂತ್ರ ಬದಲಾಗುವುದಿಲ್ಲ. ಹವಾಮಾನ ಕೆಟ್ಟು ದೋಣಿ ನಿಂತರೆ ಒಂದು ದಿನ ಹೆಚ್ಚು ಉಳಿಯಲು ಔಷಧಿ, ಹಣ, ಒಂದು ಜೊತೆ ಬಟ್ಟೆ ಇದ್ದೇ ಇರಬೇಕು.

20. ಹಂಚಿಕೊಂಡು ಹೊರಿ

ಹತ್ತು ಜನರ ಗುಂಪಿಗೆ ಹತ್ತು ಔಷಧಿ ಡಬ್ಬಿ, ಹತ್ತು ಟಾರ್ಚು ಬೇಡ. ಒಂದೊಂದು ಜವಾಬ್ದಾರಿ ಒಬ್ಬೊಬ್ಬರಿಗೆ. ನೀರು ಮಾತ್ರ ಹಂಚಿಕೆಗೆ ಬರುವುದಿಲ್ಲ, ಅವರವರದು ಅವರವರ ಬೆನ್ನಿಗೆ. ಅಜ್ಜಿಯದು ಮೊಮ್ಮಗನ ಬೆನ್ನಿಗೆ.

21. ಮನೆಗೆ ಬಂದ ರಾತ್ರಿ

ಸುಸ್ತಾಗಿದೆ ಎಂದು ಚೀಲವನ್ನು ಮೂಲೆಗೆ ಎಸೆಯಬೇಡಿ. ಉಪ್ಪಿನ ಗಾಳಿ ಜಿಪ್ಪುಗಳಿಗೆ ಶತ್ರು, ಹಾಗೇ ಬಿಟ್ಟರೆ ಮುಂದಿನ ಸಲ ಎಳೆದಾಗ ಬಿಗಿದು ನಿಲ್ಲುತ್ತವೆ. ಪೂರ್ತಿ ಖಾಲಿ ಮಾಡಿ, ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಜಿಪ್ಪು, ಬಕಲ್ಲು ಒರೆಸಿ, ಬಾಲ್ಕನಿಯಲ್ಲಿ ತಲೆಕೆಳಗಾಗಿ ನೇತುಹಾಕಿ. ಒದ್ದೆ ಶೂಗಳ ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿಡಿ, ಬಿಸಿಲಲ್ಲಿಟ್ಟರೆ ಅಂಗಾಲಿನ ಅಂಟು ಬಿಡುತ್ತದೆ. ಬಾಟಲಿಗಳನ್ನು ತೊಳೆದು ಮುಚ್ಚಳ ತೆಗೆದೇ ಇಡಿ.